ಮನ್ಯಾಗ ಬಾರ್ಸಾಕ ಸಣ್ಣ ಟ್ಯೂಬ್ ಆಂಪ್: 1 ವ್ಯಾಟೋ, 5 ವ್ಯಾಟೋ, 15 ವ್ಯಾಟೋ?

ಮಾಳಮಡ್ಡಿ_ತಂತಿ (ಧಾರವಾಡ)

ನಮಸ್ಕಾರ್ರಿ ಎಲ್ಲಾರಿಗೂ. ಎಲೆಕ್ಟ್ರಿಕ್ ಗಿಟಾರಿಗೆ ಒಂದು ಸಣ್ಣ ಟ್ಯೂಬ್ ಆಂಪ್ (ಟ್ರಾನ್ಸಿಸ್ಟರ್ ಬದಲಿ ಗಾಜಿನ ವಾಲ್ವ್ ಇರೋ ಆಂಪ್ಲಿಫೈಯರ್) ತಗೋಳೋದದ. 10 ಬೈ 12ರ ಖೋಲಿ, ಗ್ವಾಡಿಗೆ ಗ್ವಾಡಿ ಹಚ್ಚಿ ಬಾಜೂ ಮನಿ. ಸಿಂಗಲ್ ಕಾಯಿಲ್ ಪಿಕಪ್ಪಿನ ಸ್ಟ್ರಾಟ್ ನಮೂನಿ ಗಿಟಾರ್, ಬ್ಲೂಸ್ ಮತ್ತ ಹಳೇ ರಾಕ್. ಡ್ರಮ್ಸ್ ಜೋಡಿ ಬಾರ್ಸೋದು ಅಪರೂಪ.

ನೋಡಿಟ್ಟಿದ್ದು ಮೂರು: 1 ವ್ಯಾಟಿನ ಮಾರ್ಷಲ್ ಡಿಎಸ್‌ಎಲ್1, 5 ವ್ಯಾಟಿನ ಬುಗೇರಾ ವಿ5, 15 ವ್ಯಾಟಿನ ಫೆಂಡರ್ ಬ್ಲೂಸ್ ಜೂನಿಯರ್. ಇದಲ್ಲದ ಅಮೆರಿಕಾದಿಂದ ಬರೋರು ಒಬ್ರು ಹಳೇ ಫೆಂಡರ್ ಚಾಂಪಿಯನ್ 600 ಆಂಪ್ ತಂದುಕೊಡ್ತೀನಿ ಅಂತಾರ, ಅದು 120 ವೋಲ್ಟಿಂದು.

ಸಂಶಯ ಮೂರು. ಮನಿಗೆ 5 ವ್ಯಾಟ್ ಜಾಸ್ತಿ ಆಗ್ತದೋ ಕಡಿಮಿ ಆಗ್ತದೋ? 120 ವೋಲ್ಟಿಂದು ತಗೋಬಹುದೋ? ನಮ್ಮ ಓಣ್ಯಾಗ ಸಂಜಿಮುಂದ ವೋಲ್ಟೇಜ್ 190ಕ್ಕ ಇಳೀತದ, ನಡುರಾತ್ರಿ 250 ಮುಟ್ತದ. ಟ್ಯೂಬಿಗೆ ಏನರ ಆಗ್ತದೇನು?

ಬ್ಯಾಡಗಿ_ಖಾರ (ಹಾವೇರಿ ಜಿಲ್ಲಾ)

ಟ್ಯೂಬ್ ಯಾಕ ಬೇಕ್ರಿ ಮೊದ್ಲ? ಬಾಸ್ ಕಂಪನಿಯ ಕಟಾನಾ 50 ಟ್ರಾನ್ಸಿಸ್ಟರ್ ಆಂಪ್ ತಗೋರಿ, ಅರ್ಧ ವ್ಯಾಟಿಗೆ ಇಳಿಸ್ರಿ, ಬ್ಯಾಡಾದ್ರ ಹೆಡ್‌ಫೋನ್ ಹಚ್ಚ್ರಿ. ಬಾಜೂ ಮನಿಯವ್ರೂ ಖುಷಿ, ನೀವೂ ಖುಷಿ. ಟ್ಯೂಬ್ ಬದಲ್ಸೂದು, ಬಯಾಸ್ (ಟ್ಯೂಬಿನ ಕರೆಂಟ್ ಹೊಂದಿಸೂದು), ಹಮ್ಮು (ಗುಂಯ್ ಅನ್ನೋ ಸಪ್ಪಳ), ಈ ಉಸಾಬರಿ ಯಾರಿಗೆ ಬೇಕಾಗೇತಿ.

ಗದಗ_ಗೇನ್

ಬಂತು ನೋಡ್ರಿ, ಮೊದಲ್ನೇ ಉತ್ತರಕ್ಕ ಕಟಾನಾ. ಕೇಳಿದ್ದು ಟ್ಯೂಬು, ಹೇಳಿದ್ದು ಟ್ರಾನ್ಸಿಸ್ಟರು.

ನನ್ನ ಪ್ರಕಾರ 15 ವ್ಯಾಟಿಗಿಂತ ಕಡಿಮಿ ತಗೋಬ್ಯಾಡ್ರಿ. ಡ್ರಮ್ಸ್ ಮುಂದ 5 ವ್ಯಾಟ್ ಕೇಳಂಗೇ ಇಲ್ಲ. ತಗೊಂಡ್ ಮ್ಯಾಲ ಮತ್ತ ದೊಡ್ಡದು ಬೇಕಂತ ಮಾರಾಕ ಹಚ್ಚೋದು, ಅರ್ಧ ರೊಕ್ಕ ಅಲ್ಲೇ ಹೋಗತೈತಿ.

ಉಣಕಲ್_50ಹರ್ಟ್ಸ್ (ಹುಬ್ಬಳ್ಳಿ)

ವ್ಯಾಟಿನ ಲೆಕ್ಕ ಒಮ್ಮೆ ಸರಿ ಮಾಡ್ಕೊಳ್ಳೋಣ್ರಿ, ಇಲ್ಲಾಂದ್ರ ಈ ಜಗಳ ಹರಿಯಂಗಿಲ್ಲ.

ವ್ಯಾಟ್ ದುಪ್ಪಟ್ಟಾದ್ರ ಏರೋದು 3 ಡೆಸಿಬೆಲ್ ಅಷ್ಟ. ಕಿವಿಗೆ ದುಪ್ಪಟ್ಟು ಜೋರ ಅನ್ನಿಸಬೇಕಂದ್ರ ಸುಮಾರು 10 ಡೆಸಿಬೆಲ್ ಏರಬೇಕು, ಅಂದ್ರ ವ್ಯಾಟ್ ಹತ್ತು ಪಟ್ಟು ಆಗಬೇಕು. 50 ವ್ಯಾಟಿನ ಆಂಪು 5 ವ್ಯಾಟಿಂದಕ್ಕಿಂತ ಎರಡು ಪಟ್ಟು ಜೋರ, ಹತ್ತು ಪಟ್ಟಲ್ಲ. 5ಕ್ಕೂ 15ಕ್ಕೂ ಫರಕು 4.8 ಡೆಸಿಬೆಲ್.

ಇನ್ನ ಸ್ಪೀಕರ್. ಕ್ಯಾಟಲಾಗ್‌ನ್ಯಾಗ 97 ಡೆಸಿಬೆಲ್ ಅಂತಿದ್ರ, 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರಕ್ಕ 97 ಬರತೈತಿ. 5 ಕೊಟ್ರ 104, 15 ಕೊಟ್ರ 109ರ ಹತ್ರ. ಕೆಳಗ ಇಳದ್ರ 0.1 ವ್ಯಾಟಿಗೂ 87! ಅಡಗಿಮನ್ಯಾಗ ಮಿಕ್ಸರ್ ತಿರುಗಿದಷ್ಟು ಸಪ್ಪಳ ಅದು. ವಸತಿ ಪ್ರದೇಶಕ್ಕ 2000ದ ಶಬ್ದಮಾಲಿನ್ಯ ನಿಯಮದಾಗ ಇರೋ ಮಿತಿ ಹಗಲಿಗೆ 55, ರಾತ್ರಿ 10ರಿಂದ ಮುಂಜಾನೆ 6ರ ತನಕ 45. ಹಂಗಾಗಿ ಗ್ವಾಡಿಗೆ ಗ್ವಾಡಿ ಇರೋ ಮನ್ಯಾಗ 1 ವ್ಯಾಟಿಂದೂ ಪೂರ್ತಿ ತಿರುವಿ ಬಾರ್ಸಾಕ ಆಗಂಗಿಲ್ಲ. "1 ವ್ಯಾಟ್ ಅಂದ್ರ ಮಲಗೋ ಖೋಲ್ಯಾಗಿನ ಆಂಪ್" ಅನ್ನೋದು ಅಂಗಡಿಯವ್ರ ಮಾತು.

ಗದಗ_ಗೇನ್

ಲೆಕ್ಕ ಕಾಗದದ ಮ್ಯಾಲ ಸರಿ ಐತಿ ಸರ. ಆದ್ರ ಬ್ಯಾಂಡಿನ್ಯಾಗ ಬೇಕಾಗಿದ್ದು ಬರೇ ಜೋರ ಅಲ್ಲ, ಕ್ಲೀನ್ ಜೋರ. 5 ವ್ಯಾಟಿಂದು ಡ್ರಮ್ಸಿಗೆ ಸರಿಗಟ್ಟೋ ಹೊತ್ತಿಗೆ ದನಿ ಪೂರಾ ಹರದು (ಡಿಸ್ಟಾರ್ಟ್ ಆಗಿ) ಹೋಗಿರತೈತಿ. ಕ್ಲೀನ್ ಕಾರ್ಡ್ ಬೇಕಂದ್ರ ಎಲ್ಲಿಂದ ತರ್ತೀರಿ?

ಬೆಸುಗೆ_ಕಡ್ಡಿ (ಹುಬ್ಬಳ್ಳಿ)

ಇಬ್ಬರ ಮಾತೂ ಸರಿ. ಆದರೆ ಇಬ್ಬರೂ ಸ್ಪೀಕರಿನಿಂದ ಸ್ಪೀಕರಿಗಿರೋ ಫರಕನ್ನು ಬಿಟ್ಟು ವಾದ ಮಾಡ್ತಿದ್ದೀರಿ.

ಸಣ್ಣ ಆಂಪ್‌ಗಳಲ್ಲಿ ಬರುವ 6 ಅಥವಾ 8 ಇಂಚಿನ ಸ್ಪೀಕರ್ ಕೆಲವು ಸಲ 92 ಡೆಸಿಬೆಲ್‌ನದ್ದಿರುತ್ತದೆ. ಸೆಲೆಸ್ಟಿಯನ್ ಗ್ರೀನ್‌ಬ್ಯಾಕ್ 12 ಇಂಚಿನದು 98, ವಿಂಟೇಜ್ 30 ಅನ್ನೋದು 100. 92ರಿಂದ 98ಕ್ಕೆ ಹೋದರೆ 6 ಡೆಸಿಬೆಲ್, ಅಂದರೆ ವ್ಯಾಟ್ ನಾಲ್ಕು ಪಟ್ಟು ಮಾಡಿದ ಹಾಗೆ. 5 ವ್ಯಾಟಿನ ಆಂಪಿಗೆ 98ರ ಸ್ಪೀಕರ್ ಹಚ್ಚಿದರೆ, 92ರ ಸ್ಪೀಕರ್ ಇರುವ 20 ವ್ಯಾಟಿನ ಆಂಪಿನಷ್ಟು ಕೇಳುತ್ತದೆ. ಕೆಳಗಿನ ತಂತಿಗಳ ದನಿಗೂ ಮೈ ಬರುತ್ತದೆ. ಹಾಗಾಗಿ 5 ವ್ಯಾಟಿನದು ತಗೊಳ್ಳುವಾಗ ಮೊದಲು ನೋಡಬೇಕಾದ್ದು ಹಿಂದೆ ಸ್ಪೀಕರ್ ಜಾಕ್ ಇದೆಯೋ ಇಲ್ಲವೋ ಅನ್ನೋದು. ಇದ್ದರೆ ಮನೆಗೆ ಒಳಗಿನ ಸ್ಪೀಕರ್, ತಾಲೀಮಿಗೆ ಹೊರಗಿನ 12 ಇಂಚಿನ ಕ್ಯಾಬಿನೆಟ್.

ಒಳಗಿನ ರಚನೆಯೂ ಬೇರೆ ಬೇರೆ. 5 ವ್ಯಾಟಿನವು ಬಹುತೇಕ ಸಿಂಗಲ್ ಎಂಡೆಡ್: ಒಂದೇ ಪವರ್ ಟ್ಯೂಬ್ (ಸ್ಪೀಕರನ್ನು ಓಡಿಸೋ ಟ್ಯೂಬ್), ಇಎಲ್84 ಅಥವಾ 6ವಿ6. ಫೇಸ್ ಇನ್ವರ್ಟರ್ (ಎರಡು ಪವರ್ ಟ್ಯೂಬಿಗೆ ಸಿಗ್ನಲ್ ಒಡೆದು ಕೊಡೋ ಭಾಗ) ಇಲ್ಲ, ಕ್ಯಾಥೋಡ್ ಬಯಾಸ್ (ತನ್ನಿಂದ ತಾನೇ ಹೊಂದಿಕೊಳ್ಳೋದು), ಟ್ಯೂಬ್ ಬದಲಿಸಿದರೆ ಏನೂ ತಿರುವಬೇಕಿಲ್ಲ. ಕೊರತೆ ಅಂದರೆ ಹಮ್ಮು. ಪುಶ್‌ಪುಲ್‌ನಲ್ಲಿ ಎದುರುಬದುರು ಕೆಲಸ ಮಾಡೋ ಎರಡು ಟ್ಯೂಬುಗಳ ನಡುವೆ ಪವರ್ ಸಪ್ಲೈ ಹಮ್ಮು ಒಂದಕ್ಕೊಂದು ಹೊಡೆದು ಹೋಗುತ್ತದೆ, ಇಲ್ಲಿ ಹೋಗುವುದಿಲ್ಲ. ಡಿಎಸ್‌ಎಲ್1ರಲ್ಲಿ ಪವರ್ ಟ್ಯೂಬ್ ಜಾಗದಲ್ಲಿರೋದು ಇಸಿಸಿ82, ಅಂದರೆ ಪ್ರೀಆಂಪ್ (ಗಿಟಾರಿನ ಸಣ್ಣ ಸಿಗ್ನಲ್ಲನ್ನು ಮೊದಲು ಹಿಗ್ಗಿಸೋ ಭಾಗ) ಜಾತಿಯ ಸಣ್ಣ ಟ್ಯೂಬ್. ಬ್ಲೂಸ್ ಜೂನಿಯರ್‌ನಲ್ಲಿ ಇಎಲ್84 ಜೋಡಿ, ಫಿಕ್ಸೆಡ್ ಬಯಾಸ್. ಆದರೆ ತಿರುವಲಿಕ್ಕೆ ಪ್ರೀಸೆಟ್ ಕೊಟ್ಟಿಲ್ಲ, ಕಾರ್ಖಾನೆಯಿಂದಲೇ ಸ್ವಲ್ಪ ಬಿಸಿ ಓಡುತ್ತದೆ. ಅದರಲ್ಲಿ ಎಫೆಕ್ಟ್ಸ್ ಲೂಪೂ (ಪ್ರೀಆಂಪ್ ಆದ ಮೇಲೆ ಪೆಡಲ್ ಸೇರಿಸೋ ಜಾಕ್) ಇಲ್ಲ. ಡಿಲೇ ಪೆಡಲ್ ಬಳಸೋರು ಯೋಚಿಸಿ.

ಬ್ಯಾಡಗಿ_ಖಾರ

ಅಂದ್ರ ಆಂಪ್ ತಗೊಂಡು, ಮತ್ತ ಕ್ಯಾಬಿನೆಟ್ ತಗೊಂಡು... ಕಟಾನಾಕ್ಕ ಇದ್ಯಾವ್ದೂ ಬೇಕಾಗಿಲ್ಲ ಅಂತ ಹೇಳಿ ಸುಮ್ಮನಾಗ್ತೀನಿ.

ಗದಗ_ಗೇನ್

ಸುಮ್ಮನಾಗಂಗಿಲ್ಲ ನೀವು, ಗೊತ್ತೈತಿ ನಮಗ.

ಮಾಳಮಡ್ಡಿ_ತಂತಿ

ಬೆಸುಗೆ ಸರ, ಭಾಳ ಛಲೋ ತಿಳಿಸಿದ್ರಿ. ಹಂಗಂದ್ರ ಮನಿಗೆ ಸಪ್ಪಳ ಕಡಿಮಿ ಇಟ್ಟು ಟ್ಯೂಬಿನ ಹರಕು ದನಿ ಬರಬೇಕಂದ್ರ ಹ್ಯಾಂಗ? ಮಾಸ್ಟರ್ ವಾಲ್ಯೂಮ್ ಸಾಕೇನು, ಅಟೆನ್ಯೂಯೇಟರ್ (ಸ್ಪೀಕರಿಗೆ ಹೋಗೋ ಶಕ್ತಿ ಕಡಿಮಿ ಮಾಡೋದು) ಬೇಕಾ?

ಬೆಸುಗೆ_ಕಡ್ಡಿ

ಮಾಸ್ಟರ್ ವಾಲ್ಯೂಮ್ ಇಳಿಸಿ ಗೇನ್ ಏರಿಸಿದರೆ ಹರಿಯೋದು ಪ್ರೀಆಂಪ್ ಟ್ಯೂಬ್ ಮಾತ್ರ. ಅದು ಸ್ವಲ್ಪ ಗರಗರ ಅನ್ನುತ್ತದೆ, ಹಾರ್ಡ್ ರಾಕಿಗೆ ಸರಿ. ಪವರ್ ಟ್ಯೂಬ್ ಹರಿಯುವಾಗ ಬರೋ ದುಂಡನೆಯ ದನಿ ಬೇಕಂದರೆ ಆಂಪ್ ಪೂರ್ತಿ ತಿರುವಿ, ಸ್ಪೀಕರಿಗೆ ಹೋಗೋ ಮೊದಲು ಶಕ್ತಿಯನ್ನು ರೆಸಿಸ್ಟರಿನಲ್ಲಿ ಸುಡಬೇಕು. ವಿ5ರಲ್ಲಿ ಇದು ಒಳಗೇ ಇದೆ: 5, 1, 0.1 ವ್ಯಾಟ್ ಸ್ವಿಚ್.

ಹೊರಗೆ ಮಾಡಿಕೊಳ್ಳೋದಾದರೆ 8 ಓಮಿನ ಎಲ್‌ಪ್ಯಾಡ್ (ಆಂಪ್ ಮತ್ತು ಸ್ಪೀಕರ್ ನಡುವೆ ಹಚ್ಚೋ, ತಿರುವಬಲ್ಲ ರೆಸಿಸ್ಟರ್) ಸಿಗುತ್ತದೆ, 50 ವ್ಯಾಟಿನದು ತಗೊಳ್ಳಿ. 5 ವ್ಯಾಟಿಗೆ 50 ಯಾಕೆ ಅಂದರೆ, 5 ಅನ್ನೋದು ಕ್ಲೀನ್ ಲೆಕ್ಕ. ಪೂರ್ತಿ ಹರಿದಾಗ 8-9 ವ್ಯಾಟಿನ ತನಕ ಹೋಗುತ್ತದೆ, ಅದೂ ನಿರಂತರ. ಸಣ್ಣ ಪ್ಯಾಡ್ ಸುಟ್ಟು ಓಪನ್ ಆದರೆ ಆಂಪಿಗೆ ಲೋಡೇ ಇಲ್ಲದ ಹಾಗೆ. ಟ್ಯೂಬ್ ಆಂಪನ್ನು ಸ್ಪೀಕರ್ ಇಲ್ಲದೆ ಓಡಿಸಿ ಗಿಟಾರ್ ಮೀಟಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ ಸಾವಿರ ವೋಲ್ಟಿನ ಮೇಲೆ ಏಳುತ್ತದೆ. ಸುರುಳಿಯ ಇನ್ಸುಲೇಷನ್ ತೂತು, ಇಲ್ಲವೇ ಸಾಕೆಟ್ಟಿನ ಪಿನ್ನಿನಿಂದ ಪಿನ್ನಿಗೆ ಕಿಡಿ. ಸಣ್ಣ ಆಂಪಿನಲ್ಲಿ ಟ್ಯೂಬಿಗಿಂತ ದುಬಾರಿ ಭಾಗ ಅದೇ ಟ್ರಾನ್ಸ್‌ಫಾರ್ಮರ್.

ಉಣಕಲ್_50ಹರ್ಟ್ಸ್

ಇನ್ನೊಂದು. ಕಿವಿ ಸಣ್ಣ ಸಪ್ಪಳದಾಗ ಬಾಸು, ಟ್ರೆಬಲ್ಲು ಎರಡನ್ನೂ ಕಡಿಮಿ ಕೇಳತೈತಿ. ಅಟೆನ್ಯೂಯೇಟರ್ ಹಚ್ಚಿದ್ರ ದನಿ ಸತ್ತಂಗ ಆತು ಅನ್ನೋರು ಅರ್ಧ ಇದನ್ನ ಕೇಳಿರ್ತಾರ. ಟೋನ್ ಒಂಚೂರು ಏರಿಸ್ಕೋರಿ, ಆತು.

ಗೋಕುಲ್_ರೋಡ್_ವೈಂಡರ್ (ಹುಬ್ಬಳ್ಳಿ)

120 ವೋಲ್ಟಿನ ವಿಷಯಕ್ಕ ಬರ್ತೀನ್ರಿ, ಅದು ನನ್ನ ಕೆಲಸ.

ತಗೋಬಹುದು, ಅಡ್ಡಿ ಇಲ್ಲ. ಆದ್ರ ಹೇರ್ ಡ್ರೈಯರಿಗೆ ಅಂತ ಮಾರೋ ಕೈಯಾಗಿನ ಹಗರ ಕನ್ವರ್ಟರ್ ಹಚ್ಚಬ್ಯಾಡ್ರಿ. ಅದರಾಗ ಟ್ರಾನ್ಸ್‌ಫಾರ್ಮರ್ ಇರಂಗಿಲ್ಲ, ಅಲೆ ಕತ್ತರಿಸಿ ಬಿಡತೈತಿ, ಆಂಪಿನ ಪವರ್ ಟ್ರಾನ್ಸ್‌ಫಾರ್ಮರ್ ಹೊಗಿ ಹಾಕತೈತಿ. ಕಬ್ಬಿಣದ ಕೋರಿನ ಸ್ಟೆಪ್‌ಡೌನ್ನೇ (ವೋಲ್ಟೇಜ್ ಇಳಿಸೋ ಟ್ರಾನ್ಸ್‌ಫಾರ್ಮರ್) ಬೇಕು.

ವೈಂಡಿಂಗ್ ಅಂಗಡ್ಯಾಗ ಹಿಂಗ ಹೇಳ್ರಿ: ಇನ್‌ಪುಟ್ 230, ಔಟ್‌ಪುಟ್ 115 ಮತ್ತ 120 ಎರಡು ಟ್ಯಾಪ್, 5 ವ್ಯಾಟಿನ ಆಂಪಿಗೆ 200 ವಿಎ (ವೋಲ್ಟ್ ಆಂಪಿಯರ್), 15 ವ್ಯಾಟಿಂದಕ್ಕ 300 ವಿಎ. ಒಂದೇ ಸುರುಳಿಯ ಆಟೋ ಟ್ರಾನ್ಸ್‌ಫಾರ್ಮರ್ ಬ್ಯಾಡ, ಪ್ರೈಮರಿ ಸುರುಳಿ ಬ್ಯಾರೆ ಸೆಕೆಂಡರಿ ಸುರುಳಿ ಬ್ಯಾರೆ ಇರೋ ಐಸೋಲೇಷನ್ ಬೇಕು. ಮೂರು ಪಿನ್ನಿನ ಸಾಕೆಟ್ಟು, ಅರ್ಥ್ ವಾಯರ್ ಗ್ವಾಡಿಯಿಂದ ಆಂಪಿನ ತನಕ ತುಂಡಾಗದಂಗ ಹೋಗಬೇಕು. ಬಜಾರದಾಗ ಸಿಗೋ ಅಗ್ಗದವುಕ್ಕ ಎರಡೇ ಪಿನ್ನು, ಅರ್ಥ್ ಅಲ್ಲೇ ಖಲಾಸ್.

5 ವ್ಯಾಟಿನ ಆಂಪು ಎಳಿಯೋದು 30ರಿಂದ 50 ವ್ಯಾಟ್ ಅಷ್ಟ. ಹಂಗಾರ 200 ವಿಎ ಯಾಕ? ನಮ್ಮಲ್ಲಿ 50 ಹರ್ಟ್ಸ್, ಅಲ್ಲಿ 60. ಆಂಪಿನ ಒಳಗಿನ ಟ್ರಾನ್ಸ್‌ಫಾರ್ಮರ್ 60ಕ್ಕಷ್ಟ ಅಂತ ಜಿಪುಣತನದಿಂದ ಸುತ್ತಿದ್ರ, 50ಕ್ಕ ಅದರ ಕೋರಿನ್ಯಾಗ ಫ್ಲಕ್ಸ್ (ಕಾಂತದ ಹರಿವು) 20 ಪರ್ಸೆಂಟ್ ಜಾಸ್ತಿ, ಬಿಸಿ ಜಾಸ್ತಿ, ಎಳಿಯೋ ಕರೆಂಟೂ ಜಾಸ್ತಿ. ಹಿಂದಿನ ಪಟ್ಟಿ ಮ್ಯಾಲ "50/60" ಅಂತಿದ್ರ ಚಿಂತಿಲ್ಲ. ಬರೇ "60" ಅಂತಿದ್ರ 115ರ ಟ್ಯಾಪಿಗೆ ಹಚ್ಚ್ರಿ, ಒಂದು ತಾಸು ಓಡಿಸಿ ಟ್ರಾನ್ಸ್‌ಫಾರ್ಮರ್ ಮುಟ್ಟಿ ನೋಡ್ರಿ. ಕೈ ಇಡಾಕ ಆಗದಷ್ಟು ಸುಡ್ತಿದ್ರ ಬ್ಯಾಡ ಅನ್ರಿ.

ಲೋಡ್ ಹಗರ ಇದ್ರ ಸ್ಟೆಪ್‌ಡೌನಿನ ಔಟ್‌ಪುಟ್ ನಾಲ್ಕೈದು ವೋಲ್ಟ್ ಮ್ಯಾಲೇ ಇರತೈತಿ. ಅದಕ್ಕ 120ರ ಆಂಪಿಗೂ ಮೊದ್ಲ 115ರ ಟ್ಯಾಪ್ ಹಚ್ಚಿ ಮೀಟರ್ ಇಟ್ಟು ನೋಡೋದು.

ಗದಗ_ಗೇನ್

ಕೆಲವು ಆಂಪಿನ ಒಳಗ 230ರ ಟ್ಯಾಪ್ ಇರತೈತಿ, ವಾಯರ್ ಬದಲ್ಸಿದ್ರ ಸ್ಟೆಪ್‌ಡೌನೇ ಬ್ಯಾಡ. ಹೌದಲ್ರಿ?

ಗೋಕುಲ್_ರೋಡ್_ವೈಂಡರ್

ಇದ್ರ ಅದೇ ಬೆಸ್ಟ್. ಬದಲಿಸಿದ ಮ್ಯಾಲ ಫ್ಯೂಜೂ ಬದಲಿಸಬೇಕು. ವೋಲ್ಟೇಜ್ ದುಪ್ಪಟ್ಟು ಆತಂದ್ರ ಕರೆಂಟ್ ಅರ್ಧ: 1 ಆಂಪಿಯರಿನ ಜಾಗಾಕ್ಕ 500 ಮಿಲಿ ಆಂಪಿಯರ್. ಸ್ಲೋ ಬ್ಲೋ, ಗಾಜಿನ ಮ್ಯಾಲ "ಟಿ" ಅಂತ ಇರೋದು. ಫಾಸ್ಟ್ ಹಾಕಿದ್ರ ಸ್ವಿಚ್ ಒತ್ತಿದ ಕೂಡ್ಲೇ ಹೋಗತೈತಿ. ಆಮ್ಯಾಲ ಸಿಟ್ಟಿಗೆದ್ದು ತಾಮ್ರದ ಎಳಿ ಸುತ್ತಿ ಹಾಕ್ತಾರ, ಅಲ್ಲಿಗೆ ಕಥಿ ಮುಗೀತು.

ಉಣಕಲ್_50ಹರ್ಟ್ಸ್

ವೋಲ್ಟೇಜ್ ಏರಿಳಿತದ ಪ್ರಶ್ನೆ ಉಳೀತಲ್ರಿ. ಟ್ಯೂಬಿನ ಹೀಟರಿಗೆ ಬೇಕಾದ್ದು 6.3 ವೋಲ್ಟ್, ಮ್ಯಾಲ ಕೆಳಗ 10 ಪರ್ಸೆಂಟ್ ನಡೀತೈತಿ. ಅಂದ್ರ 230ರ ಆಂಪಿಗೆ ಗ್ವಾಡ್ಯಾಗ 207ರಿಂದ 253 ತನಕ ಸರಿ. 190ಕ್ಕ ಇಳದಾಗ ಹೀಟರಿಗೆ 5.2 ಅಷ್ಟ. ಕ್ಯಾಥೋಡ್ (ಟ್ಯೂಬಿನ್ಯಾಗ ಎಲೆಕ್ಟ್ರಾನ್ ಬಿಡೋ ಭಾಗ) ಸರಿಯಾಗಿ ಕಾಯಂಗಿಲ್ಲ, ದನಿ ಸೊರಗತೈತಿ, ಹಂಗ ತಿಂಗಳಾನುಗಟ್ಲೆ ಓಡಿಸಿದ್ರ ಟ್ಯೂಬ್ ಬಾಳಿಕಿ ಬರಂಗಿಲ್ಲ.

ಮ್ಯಾಲ 250 ಮುಟ್ಟಿದಾಗ ಹೀಟರ್ 6.85, ಅದು ತಡ್ಕೋತೈತಿ. ಕಷ್ಟ ಇರೋದು ಪ್ಲೇಟಿಗೆ (ಎಲೆಕ್ಟ್ರಾನ್ ಹಿಡಿಯೋ ಭಾಗ). ಇಎಲ್84ರ ಡೇಟಾಶೀಟ್ ನೋಡ್ರಿ: ಪ್ಲೇಟ್ 250 ವೋಲ್ಟ್, ಕ್ಯಾಥೋಡ್ ರೆಸಿಸ್ಟರ್ 135 ಓಮ್, ಪ್ಲೇಟ್ ಕರೆಂಟ್ 48 ಮಿಲಿ. ಗುಣಿಸಿದ್ರ 12 ವ್ಯಾಟ್, ಅದರ ಮಿತಿಯೂ 12 ವ್ಯಾಟೇ. ಮೊದ್ಲೇ ತುದಿ ಮ್ಯಾಲ ಕುಂತಿರತೈತಿ. ಮೇನ್ಸ್ 9 ಪರ್ಸೆಂಟ್ ಏರಿದ್ರ ಪ್ಲೇಟ್ 272, ಕರೆಂಟೂ ಏರತೈತಿ, ಮಿತಿ ದಾಟ್ತು. ರಾತ್ರಿ ದೀಪ ಆರಿಸಿ ನೋಡಿದ್ರ ಒಳಗಿನ ಬೂದು ಪ್ಲೇಟಿನ ನಡುವ ಕೆಂಪು ಗೆರಿ ಕಾಣತೈತಿ. ಕಂಡ್ರ ಆಫ್ ಮಾಡ್ರಿ.

ಬೆಸುಗೆ_ಕಡ್ಡಿ

ಆಂಪ್ ಬಿಚ್ಚಿ ಅಳೆಯಲು ಬರೋರಿಗೆ: ಇಎಲ್84ರ 3ನೇ ಪಿನ್ನು ಕ್ಯಾಥೋಡ್, 7ನೇದು ಪ್ಲೇಟ್. ಕ್ಯಾಥೋಡಿನಿಂದ ಚಾಸಿಗೆ (ಆಂಪಿನ ಲೋಹದ ಚೌಕಟ್ಟು) ವೋಲ್ಟೇಜ್ ನೋಡಿ, ರೆಸಿಸ್ಟರಿನ ಓಮಿನಿಂದ ಭಾಗಿಸಿ. 135 ಓಮಿನ ಮೇಲೆ 7.2 ವೋಲ್ಟ್ ಇದ್ದರೆ 53 ಮಿಲಿ, ಅದರಲ್ಲಿ ಐದಾರು ಮಿಲಿ ಸ್ಕ್ರೀನಿನದು, ಕಳೆಯಿರಿ. ಉಳಿದದ್ದನ್ನು ಪ್ಲೇಟ್‌ನಿಂದ ಕ್ಯಾಥೋಡಿಗೆ ಇರೋ ವೋಲ್ಟಿಗೆ ಗುಣಿಸಿ. ಜಾಸ್ತಿ ಬಂದರೆ ಕ್ಯಾಥೋಡ್ ರೆಸಿಸ್ಟರನ್ನು 150 ಅಥವಾ 160 ಓಮಿಗೆ ಏರಿಸಿ, 5 ವ್ಯಾಟಿನ ವೈರ್‌ವೌಂಡ್ ಹಾಕಿ.

ಬಿಚ್ಚೋ ಮೊದಲು: ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರಿನಲ್ಲಿ 300ರ ಮೇಲೆ ಡಿಸಿ ಉಳಿದಿರುತ್ತದೆ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡೋ ಚಾಳಿ ಬಿಡಿ. 10 ಕಿಲೋ ಓಮ್, 5 ವ್ಯಾಟಿನ ರೆಸಿಸ್ಟರಿಗೆ ಇನ್ಸುಲೇಟೆಡ್ ಕ್ಲಿಪ್ ಹಚ್ಚಿ, ಒಂದು ತುದಿ ಚಾಸಿಗೆ, ಇನ್ನೊಂದು ಕೆಪಾಸಿಟರಿನ ಪ್ಲಸ್ಸಿಗೆ, ಹತ್ತು ಸೆಕೆಂಡ್ ಹಿಡಿದು ಮೀಟರಿನಲ್ಲಿ ಸೊನ್ನೆ ಕಂಡ ಮೇಲೆ ಕೈ ಹಾಕಿ. ಒಂದು ಕೈ ಕಿಸೆಯಲ್ಲಿರಲಿ.

ಮಾಳಮಡ್ಡಿ_ತಂತಿ

ಸ್ಟೆಬಿಲೈಜರ್ ಹಚ್ಚಿದ್ರ ನಡೀತದಲ್ರಿ? ಫ್ರಿಜ್ಜಿನ್ದು ಒಂದು ಸುಮ್ಮನ ಬಿದ್ದದ. ಕರೆಂಟ್ ಹೋದಾಗ ಮನಿ ಇನ್ವರ್ಟರ್ ಮ್ಯಾಲ ಓಡಿಸಬಹುದಾ?

ಗೋಕುಲ್_ರೋಡ್_ವೈಂಡರ್

ಫ್ರಿಜ್ಜಿನ್ದು ರಿಲೇ ಸ್ಟೆಬಿಲೈಜರ್. ಮೆಟ್ಟಲ ಮೆಟ್ಟಲ ಬದಲಾಗತೈತಿ, ಟಕ್ ಅಂದಾಗೊಮ್ಮೆ ಸ್ಪೀಕರಿನ್ಯಾಗೂ ಟಪ್ ಅನ್ನತೈತಿ. ಆಂಪಿಗೆ ಅಪಾಯ ಇಲ್ಲ, ರೆಕಾರ್ಡಿಂಗ್ ಮಾಡೋದಿದ್ರ ಕಿರಿಕಿರಿ. ಸರ್ವೋ (ಮೋಟಾರಿನಿಂದ ಮೆಲ್ಲಗ ಹೊಂದಿಸೋ ಸ್ಟೆಬಿಲೈಜರ್) ಛಲೋ, ರೊಕ್ಕ ಜಾಸ್ತಿ.

ಇನ್ವರ್ಟರ್ ಸೈನ್ ವೇವ್ ಇದ್ರ ಹಚ್ಚ್ರಿ. ಸ್ಕ್ವೇರ್ ವೇವ್ ಆದ್ರ ಬ್ಯಾಡ. 230ರ ಸೈನ್ ಅಲಿಯ ತುದಿ 325 ವೋಲ್ಟ್, ಸ್ಕ್ವೇರಿಂದು 230ರ ಹತ್ರನ. ಹೀಟರಿಗೆ ಫರಕು ಬೀಳಂಗಿಲ್ಲ, ಆದ್ರ ಫಿಲ್ಟರ್ ಕೆಪಾಸಿಟರ್ ತುಂಬೋದು ತುದಿ ವೋಲ್ಟೇಜಿಗೆ, ಹಂಗಾಗಿ ಪ್ಲೇಟ್ ಸಪ್ಲೈ 30 ಪರ್ಸೆಂಟ್ ಬೀಳತೈತಿ. ಮ್ಯಾಲ ಜರ್ರ್ ಅಂತ ಸಪ್ಪಳ ಬ್ಯಾರೆ, ಯಾವ ಫಿಲ್ಟರ್ ಹಾಕಿದ್ರೂ ಹೋಗಂಗಿಲ್ಲ.

ಉಣಕಲ್_50ಹರ್ಟ್ಸ್

ವೋಲ್ಟೇಜಿಗಿಂತ ಮೊದ್ಲ ಅರ್ಥ್ ನೋಡ್ಕೋರಿ. ಗಿಟಾರಿನ ತಂತಿ ಬ್ರಿಜ್ ಮೂಲಕ ಆಂಪಿನ ಚಾಸಿಗೆ ಕೂಡಿರತೈತಿ. ಚಾಸಿ ಅರ್ಥಿಗೆ ಕೂಡಿರಲಿಲ್ಲಂದ್ರ, ಹಾಡಾಕ ಮೈಕಿಗೆ ತುಟಿ ಹಚ್ಚಿದಾಗ ಗೊತ್ತಾಗತೈತಿ.

ಮೀಟರ್ ಇಟ್ಟು ಮೂರು ಅಳತಿ: ಫೇಸಿಂದ ನ್ಯೂಟ್ರಲ್, ಫೇಸಿಂದ ಅರ್ಥ್, ನ್ಯೂಟ್ರಲ್‌ನಿಂದ ಅರ್ಥ್. ಮೊದಲಿನ ಎರಡು ಹೆಚ್ಚುಕಡಿಮಿ ಒಂದೇ ಇರಬೇಕು, ಮೂರನೇದ್ದು 2-3 ವೋಲ್ಟ್ ಇದ್ರ ಸರಿ. 10ರ ಮ್ಯಾಲ ಇದ್ರ ಅರ್ಥಿನ ಗುಂಡಿ ಒಣಗೇತಿ ಇಲ್ಲಾ ವಾಯರ್ ಸಡ್ಲ ಆಗೇತಿ. ದೊಡ್ಡ ಲೋಡ್ ಓಡ್ತಿದ್ದಾಗೂ ಖಡಕ್ ಸೊನ್ನೆ ತೋರಿಸಿದ್ರ ಖುಷಿ ಪಡಬ್ಯಾಡ್ರಿ. ಯಾರೋ ಪುಣ್ಯಾತ್ಮ ಸಾಕೆಟ್ಟಿನ ಒಳಗ ನ್ಯೂಟ್ರಲ್ ಅರ್ಥ್ ಎರಡೂ ಕೂಡಿಸಿ ಬಿಟ್ಟಿರಬಹುದು. ನ್ಯೂಟ್ರಲ್ ಕಡದ ದಿನ ಆಂಪಿನ ಚಾಸಿ, ಗಿಟಾರ್ ತಂತಿ ಎಲ್ಲಾ ಫೇಸ್ ಆಗ್ತಾವ. ಬಿಚ್ಚಿ ನೋಡ್ರಿ, ಬೋರ್ಡಿನ್ಯಾಗ 30 ಮಿಲಿಯ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡ್ಲೇ ಕಡಿಯೋ ಸ್ವಿಚ್) ಹಾಕಿಸ್ರಿ.

ಗದಗ_ಗೇನ್

ನಮ್ಮ ಕಡೆ ಎರಿ ಭೂಮಿ. ಮಳಿಗಾಲದಾಗ ಅರ್ಥ್ ಭಾರೀ, ಬ್ಯಾಸಿಗ್ಯಾಗ ನೆಲ ಬಿರಕು ಬಿಟ್ಟು ಪೈಪಿಗೆ ಮಣ್ಣು ಹತ್ತೋದೇ ಇಲ್ಲ. ಉಪ್ಪು ಇದ್ದಲಿ ಹಾಕಿದ್ರೂ ನೀರು ಹಾಕಬೇಕು. ಹಮ್ಮು ಬಂತಂತ ಅರ್ಥ್ ಪಿನ್ ಮುರ್ಯೋ ಮಂದಿ ಇದ್ದಾರ, ಅದನ್ನ ಮಾತ್ರ ಮಾಡಬ್ಯಾಡ್ರಿ.

ಹೊಸಬ_ಹಾವೇರಿ

ಅಣ್ಣಾರ, ನಡುವ ಬಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮನ್ಯಾಗ ಅಜ್ಜನ ಕಾಲದ ವಾಲ್ವ್ ರೇಡಿಯೋ ಐತಿ. ಅದನ್ನ ಗಿಟಾರ್ ಆಂಪ್ ಮಾಡಬಹುದಂತ ವಿಡಿಯೋದಾಗ ತೋರಿಸ್ತಾರ. ರೊಕ್ಕ ಉಳೀತೈತೇನ್ರಿ?

ಬೆಸುಗೆ_ಕಡ್ಡಿ

ತಮ್ಮ, ಅದರ ವಾಯರ್ ಗೋಡೆಗೆ ಚುಚ್ಚೋ ಮೊದಲು ಹಿಂದಿನ ರಟ್ಟು ತೆಗೆದು ಟ್ಯೂಬುಗಳ ಹೆಸರು ಓದು. ಯುಸಿಎಲ್82, ಯುಎಲ್84, ಯುವೈ85, ಹೀಗೆ "ಯು"ದಿಂದ ಶುರುವಾಗಿದ್ದರೆ ಅದು ಎಸಿ-ಡಿಸಿ ಸೆಟ್. ಪವರ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಹೀಟರುಗಳೆಲ್ಲ ಸಾಲಾಗಿ ಮೇನ್ಸಿಗೇ ಕೂಡಿರುತ್ತವೆ, ಚಾಸಿಯೂ ಮೇನ್ಸಿನ ಒಂದು ವಾಯರಿಗೆ ನೇರ ಕೂಡಿರುತ್ತದೆ. ಪ್ಲಗ್ ತಿರುವಿ ಹಾಕಿದರೆ ಚಾಸಿಯೇ 230. ಅದಕ್ಕೆ ಗಿಟಾರ್ ಹಚ್ಚಿದರೆ ತಂತಿ ಮುಟ್ಟಿದವರು ಉಳಿಯೋದಿಲ್ಲ. ಅಂಥದ್ದನ್ನು ಮುಟ್ಟಬೇಡ.

ಇಸಿಎಲ್82, ಇಎಲ್84, ಇಝಡ್80 ಹೀಗೆ "ಇ"ದಿಂದ ಶುರುವಾಗಿ, ಒಳಗೆ ದಪ್ಪ ಪವರ್ ಟ್ರಾನ್ಸ್‌ಫಾರ್ಮರ್ ಇದ್ದರೆ ಕೆಲಸ ಮಾಡಬಹುದು. ಆದರೂ ನೇರ ಆನ್ ಮಾಡಬೇಡ. ಸೀರೀಸ್ ಬೋರ್ಡಿಗೆ 40 ವ್ಯಾಟಿನ ಫಿಲಮೆಂಟ್ ಬಲ್ಬ್ ಹಾಕಿ ಅದರ ಮೂಲಕ ಕೊಡು. ಬಲ್ಬ್ ಒಮ್ಮೆ ಮಿಂಚಿ ಮಂದ ಆದರೆ ಸರಿ, ಝಗಝಗ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್. ಪವರ್ ಟ್ಯೂಬಿನ ಗ್ರಿಡ್ಡಿಗೆ ಹೋಗೋ ಕಪ್ಲಿಂಗ್ ಕೆಪಾಸಿಟರ್ ಹಳೇ ಕಾಗದದ್ದು ಖಂಡಿತ ಸೋರುತ್ತಿರುತ್ತದೆ. 0.01 ಅಥವಾ 0.022 ಮೈಕ್ರೋಫ್ಯಾರಡ್, 630 ವೋಲ್ಟಿನ ಪಾಲಿಪ್ರೊಪಿಲೀನ್ ಹಾಕು. ಫಿಲ್ಟರ್ ಎಲೆಕ್ಟ್ರೊಲಿಟಿಕ್ ಎರಡೂ ಹೊಸದು, 450 ವೋಲ್ಟಿನವು. ಮೇನ್ಸಿಗೆ ಮೂರು ಎಳೆಯ ವಾಯರ್, ಅರ್ಥ್ ಚಾಸಿಗೆ ಬೋಲ್ಟ್ ಹಾಕಿ.

ಇಷ್ಟಾದರೂ ಹಿಂದಿನ ಗ್ರಾಮಫೋನ್ ಸಾಕೆಟ್ಟಿಗೆ ಗಿಟಾರ್ ಹಚ್ಚಿದರೆ ದನಿ ಸಣ್ಣದು. ಆ ಸಾಕೆಟ್ ಕ್ರಿಸ್ಟಲ್ ಪಿಕಪ್ಪಿಗೆ ಮಾಡಿದ್ದು, ಗಿಟಾರ್ ಪಿಕಪ್ ಅಷ್ಟು ವೋಲ್ಟ್ ಕೊಡೋದಿಲ್ಲ. ಮುಂದೆ ಒಂದು ಬೂಸ್ಟರ್ ಪೆಡಲ್ ಬೇಕು. ರೊಕ್ಕ ಉಳಿಯುತ್ತೆ ಅನ್ನೋದು ಅಷ್ಟರಲ್ಲೇ ಇದೆ.

ಹೊಸಬ_ಹಾವೇರಿ

ಯುಸಿಎಲ್82 ಅಂತೇ ಐತ್ರಿ. ಮುಚ್ಚಿ ಇಟ್ಟೆ.

ಗೋಕುಲ್_ರೋಡ್_ವೈಂಡರ್

ಛಲೋ ಮಾಡಿದಿ.

ಸಾಧನಕೇರಿ_ಸುಸ್ವರ (ಧಾರವಾಡ)

ರೇಡಿಯೋ ಟ್ಯೂಬಿನ ಮಾತು ಬಂತಂತ ಕೇಳ್ತೀನ್ರಿ. ಬೆಂಗಳೂರಿನ ಬಿಇಎಲ್ ಕಾರ್ಖಾನ್ಯಾಗ ಆದ ಇಎಲ್84 ಹಳೇ ರೇಡಿಯೋ ರಿಪೇರಿಯವ್ರ ಹತ್ರ ಇನ್ನೂ ಸಿಗ್ತಾವ. ಗಿಟಾರ್ ಆಂಪಿಗೆ ನಡೀತಾವೇನು? ಮತ್ತ ಇನ್ನೊಂದು, ಹವಾಯನ್ ಗಿಟಾರಿಗೂ ಈ 5 ವ್ಯಾಟಿಂದು ಆಗ್ತದೋ ಇಲ್ಲೋ? ನಮ್ಮ ಭಜನಿ ಮಂಡಳಿಗೆ ಬೇಕಾಗೇದ.

ಉಣಕಲ್_50ಹರ್ಟ್ಸ್

ಅಕ್ಕಾರ, ಬಿಇಎಲ್ ಇಎಲ್84 ಛಲೋ ಟ್ಯೂಬ್, ಖಂಡಿತ ನಡೀತೈತಿ. ತಗೊಳ್ಳುವಾಗ ಗಾಜಿನ ತುದಿಯ ಬೆಳ್ಳಿ ಬಣ್ಣ ನೋಡ್ರಿ. ಬೆಳ್ಳಗ ಹಾಲಿನಂಗ ಆಗಿದ್ರ ಗಾಳಿ ಹೊಕ್ಕೇತಿ, ಬ್ಯಾಡ. ಪೆಟಗಿ ಮ್ಯಾಲ ಯುಎಲ್84 ಇದ್ದದ್ದನ್ನ "ಎರಡೂ ಒಂದೇ" ಅಂತ ಕೊಡ್ತಾರ, ಒಂದಲ್ಲ. ಅದರ ಹೀಟರ್ 45 ವೋಲ್ಟಿಂದು. ರಷ್ಯಾದ 6ಪಿ14ಪಿ ಆದ್ರ ಇಎಲ್84ರ ಬದಲಿಗೆ ಹಾಕಬಹುದು.

ಹವಾಯನ್ ಗಿಟಾರಿಗೆ ಹೇಳಿ ಮಾಡಿಸಿದ್ದು. ಫೆಂಡರ್ ಕಂಪನಿ ಆಗಿನ ಕಾಲಕ್ಕ ತನ್ನ ಸಣ್ಣ ಆಂಪನ್ನ ಕಲಿಯೋರ ಲ್ಯಾಪ್ ಸ್ಟೀಲ್ ಜೋಡೀನ ಮಾರ್ತಿತ್ತು. ಬರೇ ಹಾರ್ಮೋನಿಯಂ ತಬಲಾ ಇರೋ ಕಡೆ 5 ವ್ಯಾಟ್ ಸಾಕು. ದೊಡ್ಡ ಗುಡಿ ಆದ್ರ ಸ್ಪೀಕರ್ ಮುಂದ ಮೈಕ್ ಇಟ್ಟು ಪಿಎಗೆ (ಗುಡಿಯ ಧ್ವನಿವರ್ಧಕಕ್ಕ) ಕೊಡ್ರಿ.

ಬ್ಯಾಡಗಿ_ಖಾರ

ಅದೇ ಆಂಪಿಗೆ ಹಾರ್ಮೋನಿಯಂ ಮೈಕೂ ಹಚ್ಚಬಹುದಲ್ಲ, ಒಂದೇ ಡಬ್ಬಿ.

ಬೆಸುಗೆ_ಕಡ್ಡಿ

ಬೇಡ. ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಸ್ ದಾಟಿದರೆ ಕೆಳಗೆ ಜಾರುತ್ತದೆ. ಹಾರ್ಮೋನಿಯಂ ಕಂಬಳಿ ಹೊದ್ದ ಹಾಗೆ ಕೇಳುತ್ತದೆ, ಮೇಲೆ ಫೀಡ್‌ಬ್ಯಾಕ್ ಕೂಗು.

ಮಾಳಮಡ್ಡಿ_ತಂತಿ

ಹುಬ್ಬಳ್ಯಾಗ ಒಂದು ಸೆಕೆಂಡ್ ಹ್ಯಾಂಡ್ ನೋಡಾಕ ಹೊಂಟೀನಿ. ಒಂದು ಇಎಲ್84, 10 ಇಂಚ್ ಸ್ಪೀಕರ್, 230 ವೋಲ್ಟಿಂದು, ಹಿಂದ ಸ್ಪೀಕರ್ ಜಾಕ್ ಅದ. ಏನೇನು ನೋಡ್ಲಿ?

ಬೆಸುಗೆ_ಕಡ್ಡಿ

ಮೀಟರ್, ಒಂದು ಪೆನ್ಸಿಲ್, ನಿಮ್ಮ ಗಿಟಾರ್ ಒಯ್ಯಿರಿ.

ಆನ್ ಮಾಡೋ ಮೊದಲು ಪ್ಲಗ್ಗಿನ ದಪ್ಪ ಪಿನ್ನಿನಿಂದ ಚಾಸಿಗೆ ಓಮ್ ನೋಡಿ, 1 ಓಮಿಗಿಂತ ಕಡಿಮೆ ಬರಬೇಕು. ಸ್ಪೀಕರಿನ ವಾಯರ್ ಕಿತ್ತು ಅಳೆದರೆ 8 ಓಮಿನದು 6ರಿಂದ 7 ತೋರಿಸುತ್ತದೆ. ಫ್ಯೂಜ್ ತೆಗೆದು ಬರೆದಿರೋ ಬೆಲೆ ಓದಿ. ಹಿಂದಿನ ಪಟ್ಟಿಯಲ್ಲಿ ಇರೋದಕ್ಕಿಂತ ದೊಡ್ಡದಿದ್ದರೆ, ಸಣ್ಣದು ಪದೇ ಪದೇ ಹೋಗುತ್ತಿತ್ತು ಅಂತ ಅರ್ಥ. ವಾಪಸ್ ಬನ್ನಿ.

ಆನ್ ಮಾಡಿ, ಗಿಟಾರ್ ಹಚ್ಚದೆ, ವಾಲ್ಯೂಮ್ ಸೊನ್ನೆ ಇಟ್ಟು ಕೇಳಿ. ಗುಂಯ್ ಅಂತಿದ್ದರೆ ಅದರ ಸ್ವರ ಹಿಡಿಯಿರಿ. ಗಿಟಾರಿನ ದಪ್ಪ ತಂತಿಯ 3ನೇ ಫ್ರೆಟ್ 98 ಹರ್ಟ್ಸ್. ಹಮ್ಮು ಅದಕ್ಕೆ ಕೂಡಿದರೆ 100 ಹರ್ಟ್ಸ್, ಫಿಲ್ಟರ್ ಕೆಪಾಸಿಟರ್ ಒಣಗಿದೆ, ಖರ್ಚು ಕಡಿಮೆ, ಬೆಲೆ ಇಳಿಸಿ ಕೇಳಬಹುದು. ಒಂದು ಸಪ್ತಕ ಕೆಳಗಿದ್ದರೆ 50 ಹರ್ಟ್ಸ್, ಹೀಟರ್ ವಾಯರಿಂಗು, ಟ್ಯೂಬಿನ ಒಳಗಿನ ಸೋರಿಕೆ, ಇಲ್ಲಾ ಅರ್ಥ್. ಹಮ್ಮು ವಾಲ್ಯೂಮಿನ ಜೊತೆ ಏರಿದರೆ ದೋಷ ಮುಂದಿನ ಟ್ಯೂಬಿನ ಕಡೆ, ಏರದಿದ್ದರೆ ಪವರ್ ಕಡೆ. ಸಿಂಗಲ್ ಎಂಡೆಡ್‌ನಲ್ಲಿ ಒಂಚೂರು ಇದ್ದೇ ಇರುತ್ತದೆ, ಮಾರು ದೂರ ನಿಂತಾಗ ಕೇಳಿಸಬಾರದು.

ವಾಲ್ಯೂಮ್ ಅರ್ಧಕ್ಕೆ ತಂದು ಪ್ರತಿ ಟ್ಯೂಬನ್ನೂ ಪೆನ್ಸಿಲಿನಿಂದ ಮೆಲ್ಲಗೆ ಬಡಿಯಿರಿ. ಸ್ಪೀಕರಿನಲ್ಲಿ ಟಿಂಗ್ ಅಂದರೆ ಮೈಕ್ರೋಫೋನಿಕ್, ಅಂದರೆ ಅಲುಗಾಟವನ್ನೇ ಸಪ್ಪಳ ಮಾಡೋ ಟ್ಯೂಬ್. ಇನ್‌ಪುಟ್ ಹತ್ತಿರದ ಪ್ರೀಆಂಪ್ ಟ್ಯೂಬ್ 12ಎಎಕ್ಸ್7 ಆದರೆ ಒಂದು ಟ್ಯೂಬಿನ ಖರ್ಚು ಅಷ್ಟೇ. ವಾಲ್ಯೂಮ್ ನಾಬ್ ತಿರುವಿದಾಗ ಬರೋ ಖರಖರ ಕ್ಲೀನರ್ ಸಿಂಪಡಿಸಿದ ಮೇಲೂ ಹೋಗದಿದ್ದರೆ, ಹಿಂದಿನ ಕೆಪಾಸಿಟರ್ ಸೋರಿ ಪಾಟ್ (ನಾಬಿನ ಹಿಂದಿನ ರೆಸಿಸ್ಟರ್) ಮೇಲೆ ಡಿಸಿ ಬರುತ್ತಿದೆ. ಕೊನೆಗೆ ಅರ್ಧ ತಾಸು ಬಾರಿಸಿ. ಹೆಚ್ಚಿನ ದೋಷಗಳು ಕಾದ ಮೇಲೇ ಹೊರಗೆ ಬರುತ್ತವೆ. ಟ್ಯೂಬ್ ಸಾಕೆಟ್ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಮೇಲೇ ಬೆಸೆದಿರೋ ಆಂಪಿನಲ್ಲಿ ಶಾಖಕ್ಕೆ ಬೆಸುಗೆ ಬಿರುಕು ಬಿಟ್ಟು ದನಿ ಹೋಗಿ ಬಂದು ಮಾಡುತ್ತದೆ.

ಗೋಕುಲ್_ರೋಡ್_ವೈಂಡರ್

ಧಾರವಾಡದ ಮಳಿಗಾಲದಾಗ ಸಾಕೆಟ್ಟಿಗೆ ಕಿಲುಬು ಹಿಡಿಯೋದು ಹೆಚ್ಚು. ಆರು ತಿಂಗಳಿಗೊಮ್ಮೆ ಪ್ಲಗ್ ತೆಗೆದು, ತಣ್ಣಗಾದ ಮ್ಯಾಲ, ಕಾಂಟ್ಯಾಕ್ಟ್ ಕ್ಲೀನರ್ ಪಿನ್ನಿಗೆ ಹಚ್ಚಿ ಟ್ಯೂಬ್ ಎರಡು ಮೂರು ಸಲ ಮ್ಯಾಲ ಕೆಳಗ ಮಾಡ್ರಿ. ತಿರುವಬ್ಯಾಡ್ರಿ, ಸಣ್ಣ ಟ್ಯೂಬಿನ ಪಿನ್ ಗಾಜಿನ ಬುಡಕ್ಕೇ ಸೀಳತಾವ.

ಮಾಳಮಡ್ಡಿ_ತಂತಿ

ನೋಡಿ ಬಂದೆ. ಅರ್ಥ್ 0.4 ಓಮ್, ಸ್ಪೀಕರ್ 6.6. ಹಮ್ಮು ಸಣ್ಣದದ, 3ನೇ ಫ್ರೆಟ್ಟಿಗೆ ಕೂಡ್ತು. ಪೆನ್ಸಿಲಿಗೆ ಏನೂ ಅನ್ನಲಿಲ್ಲ. ಫಿಲ್ಟರ್ ಕೆಪಾಸಿಟರ್ ಖರ್ಚು ಬಿಟ್ಟು ಮಾತು ಮುಗಿಸೀನಿ. ಇನ್ನ 12 ಇಂಚಿನ ಕ್ಯಾಬಿನೆಟ್ಟಿಗೆ ಸಾದಾ ಗಿಟಾರ್ ಕೇಬಲ್ಲೇ ಹಚ್ಚಬಹುದಾ? ಎರಡೂ ಕಡೆ ಅದೇ ಜಾಕ್ ಅಲ್ರಿ. ಕ್ಯಾಬಿನೆಟ್ 16 ಓಮಿಂದು ಸಿಕ್ಕದ, ಆಂಪ್ ಮ್ಯಾಲ 8 ಅಂತದ.

ಉಣಕಲ್_50ಹರ್ಟ್ಸ್

ಜಾಕ್ ಒಂದೇ, ವಾಯರ್ ಬ್ಯಾರೆ. ಗಿಟಾರ್ ಕೇಬಲ್ಲಿನ ನಡುವಿನ ಎಳಿ ಕೂದಲಿನಷ್ಟು, ಅದು ಕಡದ್ರ ಆಂಪಿಗೆ ಲೋಡ್ ಇಲ್ಲ. 1.5 ಚದರ ಮಿಲಿಮೀಟರಿನ ಎರಡೆಳಿ ವಾಯರ್ ತಗೊಂಡು ಎರಡೂ ತುದಿಗೆ ಜಾಕ್ ಬೆಸಿರಿ, ಮಾರುದ್ದ ಸಾಕು. ತಗದು ಹಾಕೋದು ಆಂಪ್ ಆಫ್ ಇದ್ದಾಗಷ್ಟ.

16ರದ್ದು ನಡೀತೈತಿ, ಸಪ್ಪಳ ಒಂಚೂರು ಕಡಿಮಿ, ದನಿ ಸ್ವಲ್ಪ ಬ್ಯಾರೆ. ಒಂದಕ್ಕ ಎರಡರ ತನಕ ಫರಕು ಸಣ್ಣ ಆಂಪ್ ತಡ್ಕೋತಾವ.

ಬೆಸುಗೆ_ಕಡ್ಡಿ

ಒಂದು ಸೇರಿಸ್ತೀನಿ. ಹೊರಗಿನ ಜಾಕ್ ಚುಚ್ಚಿದಾಗ ಒಳಗಿನ ಸ್ಪೀಕರ್ ನಿಲ್ಲುತ್ತದೋ, ಎರಡೂ ಕೂಡಿ ಓಡುತ್ತವೋ ನೋಡಿ. ಎರಡೂ ಓಡಿದರೆ 8 ಮತ್ತು 16 ಪ್ಯಾರಲಲ್, 5.3 ಓಮ್. ಅದು ಪರವಾಗಿಲ್ಲ. 10 ಇಂಚಿನದು, 12 ಇಂಚಿನದು ಕೂಡಿ ಓಡುವಾಗ ದನಿ ತೆಳ್ಳಗಾದರೆ ಒಂದು ಸ್ಪೀಕರಿನ ಪ್ಲಸ್ ಮೈನಸ್ ಅದಲಿ ಬದಲಿ ಆಗಿದೆ. 1.5 ವೋಲ್ಟಿನ ಸೆಲ್ ಮುಟ್ಟಿಸಿ, ಪ್ಲಸ್ಸಿಗೆ ಪ್ಲಸ್ ಕೊಟ್ಟಾಗ ಎರಡರ ಕೋನೂ ಮುಂದಕ್ಕೇ ಜಿಗಿಯಬೇಕು.